ಲಾಮಾರ ಚಪ್ಪಾಳೆ

ಮುಂಡಗೋಡದಲ್ಲಿ ನಾನು ಕಂಪ್ಯೂಟರ್ ಸೆಂಟರ್ ನೋಡಿಕೊಳ್ಳುತ್ತಿದ್ದಾಗ ಬೆಂಗಳೂರಿನ ಮೇಡಂ ಒಬ್ಬರು ಇಂಟರ್ನೆಟ್ಟಿನಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದರು. ಡಬ್ಬಿಯಂಥ ಮಾನಿಟರಿನೊಳಗಿಂದ ಅವರು "ಯಾರಿಗಾದರೂ ಡೌಟ್ ಇದೆಯಾ?" ಎಂದರೆ ಸಾಕು, ಪಕ್ಕದ ಹಳ್ಳಿ ಚಿಗಳ್ಳಿಯ ಹುಡುಗಿಯರು, ಪೇಟೆಯ ಹುಡುಗರು ಎಲ್ಲ ತಲೆ ತಗ್ಗಿಸುತ್ತಿದ್ದರು. ಕೇಳಿದರೆ ಮೇಡಂ ಸರಿಯಾಗಿ ಕಲಿಸಲಿಲ್ಲ ಎಂದಂತಾಗುತ್ತದಲ್ಲ!

ಒಂದು ದಿನ ಟಿಬೆಟಿಯನ್ ಕ್ಯಾಂಪಿನಿಂದ ಬರುತ್ತಿದ್ದ ಲಾಮಾ ಎದ್ದು ನಿಂತರು. ಕಾಲನ್ನು ನೆಲಕ್ಕೆ ಅಪ್ಪಳಿಸಿ, ಕ್ಯಾಮೆರಾದ ಎದುರಿಗೇ ಫಟ್ಟೆಂದು ಚಪ್ಪಾಳೆ ಹೊಡೆದು ಪ್ರಶ್ನೆ ಕೇಳಿದರು. ಮೇಡಂ ಕುರ್ಚಿ ಸಮೇತ ಹಿಂದೆ ಸರಿದು ನನ್ನನ್ನು ಕರೆದರು.

"ಅವರಿಗೆ ಸಿಟ್ಟು ಬಂದಿದೆಯಾ?"

"ಇಲ್ರೀ ಮೇಡಂ. ಅವರ ಮಠದಾಗ ವಾದ ಮಾಡೂದ ಹಿಂಗರಿ."

ಮರುದಿನದಿಂದ ನಮ್ಮವರಿಗೆ ದಾರಿ ಸಿಕ್ಕಿತು. ಚಿಗಳ್ಳಿಯ ನೀಲವ್ವ ಟೇಬಲ್ಲಿನ ಕೆಳಗಿಂದ ತನ್ನ ಡೌಟ್ ಬರೆದ ಚೀಟಿ ಸರಿಸಿದಳು. "ಲಾಮಾರ, ನಂದೂ ಒಂದು ಕೇಳ್ರಿ. ಹೆಸರ ಮಾತ್ರ ಹೇಳಬ್ಯಾಡ್ರಿ." ಉಳಿದವರೂ ಶುರು ಹಚ್ಚಿಕೊಂಡರು. ಲಾಮಾ ಪಾಪ, ಬಂದ ಚೀಟಿಗೆಲ್ಲ ಒಂದೊಂದು ಚಪ್ಪಾಳೆ ಹೊಡೆದರು.

ಕೋರ್ಸ್ ಮುಗಿದ ಮೇಲೆ ಮೇಡಂ ವರದಿ ಕಳಿಸಿದರು: "ನಿಮ್ಮ ವಿದ್ಯಾರ್ಥಿಗಳೆಲ್ಲ ಜಾಣರು. ಲಾಮಾ ಒಬ್ಬರಿಗೆ ಮಾತ್ರ ಏನೂ ಅರ್ಥವಾಗುವುದಿಲ್ಲ. ಅವರಿಗೆ ಸರ್ಟಿಫಿಕೇಟ್ ಬೇಡ, ಇನ್ನೊಮ್ಮೆ ಕೂರಿಸಿ."

ಓದಿ ಹೇಳಿದರೆ ಲಾಮಾ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಜ ಸಂಗತಿ ಮೇಡಮ್ಮಿಗೆ ಬರೆದು ತಿಳಿಸೋಣ ಎಂದುಕೊಂಡೆ. ಬರೆಯಲಿಲ್ಲ. ಆ ಚೀಟಿಗಳಲ್ಲಿ ನಾಲ್ಕು ನನ್ನವೇ ಇದ್ದವು.