ದಂಡೆಗೆ ಹತ್ತದ ಹಡಗು

ನಿನ್ನೆ ಸಂಜೆ ನವನಗರಕ್ಕೆ ಮರಳುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಮೊಣಕಾಲಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ದಿನವಿಡೀ ಫೋನಿನಲ್ಲಿ ಮಾತಾಡಿ ನನ್ನ ತಲೆ ಭಾರವಾಗಿತ್ತು, ಕಣ್ಣು ಮುಚ್ಚಿದ್ದೆ. ಆ ವಾಸನೆ ಮೂಗಿಗೆ ಬಂದದ್ದೇ ತಡ, ಚಾಚಿ ಬಂದು ಪಕ್ಕದಲ್ಲಿ ಕೂತಂತಾಯಿತು...

ಚಾಚಿ ನಮ್ಮ ಪಕ್ಕದ ಮನೆಯವರು. ಗ್ಯಾರೇಜ್ ನಡೆಸುತ್ತಿದ್ದ ಗಂಡ ತೀರಿಕೊಂಡ ಮೇಲೆ ಮಗಳೊಂದಿಗೆ ಇದ್ದರು. ಎರಡೂ ಮೊಣಕಾಲು ಸವೆದುಹೋಗಿದ್ದವು, ದಿನಾ ಇದೇ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು, ಅಂಗಳಕ್ಕೆ ಇಳಿಯಲೂ ಗೋಡೆ ಹಿಡಿಯಬೇಕಿತ್ತು. ಅವರಿಗೆ ಒಬ್ಬನೇ ಅಣ್ಣ. ದೋಣಿ ಎಂಜಿನ್ ರಿಪೇರಿ ಮಾಡಲು ಹರೆಯದಲ್ಲೇ ಲಕ್ಷದ್ವೀಪಕ್ಕೆ ಹೋದವರು ಅಲ್ಲಿಯೇ ಮದುವೆಯಾಗಿ ಉಳಿದುಬಿಟ್ಟಿದ್ದರು. ತಾಯಿ ಸತ್ತಾಗ ಬಂದದ್ದೇ ಕೊನೆ. ಆಮೇಲೆ ಅಣ್ಣ ತಂಗಿಗೆ ಫೋನೇ ಗತಿ. ಆ ಹೊತ್ತಿಗೆ ಅಣ್ಣನಿಗೂ ವಯಸ್ಸಾಗಿ ಊರು ಬಿಟ್ಟು ಬರುವ ಶಕ್ತಿ ಉಳಿದಿರಲಿಲ್ಲ.

ಅಣ್ಣ ಇದ್ದ ದ್ವೀಪಕ್ಕೆ ಹೋಗಿಬರುವ ಪ್ರವಾಸಿ ಹಡಗೊಂದಿದೆ ಎಂದು ಮಗಳಿಗೆ ಗೊತ್ತಾಯಿತು. ನಾನು ದೇಶಪಾಂಡೆ ನಗರದ ಟ್ರಾವೆಲ್ಸ್ ಆಫೀಸಿನಲ್ಲಿ ಕೆಲಸ ಮಾಡುವವಳು. ಚಾಚಿ ಕಂಪೌಂಡಿನ ಆಚೆಯಿಂದಲೇ ಕೇಳಿದರು.

“ಹಡಗ ದಂಡಿಗೆ ಹತ್ತತದೋ, ನಡುನೀರಾಗ ನಿಂತು ಸಣ್ಣ ದೋಣಿಗೆ ಇಳಸ್ತಾರೋ, ಇಷ್ಟ ಕೇಳಿ ಹೇಳು ಬೇಟಾ. ದೋಣಿ ಆದ್ರ ನನ್ನ ಕಾಲು ಕೇಳೂದಿಲ್ಲ.”

ಕೇಳಿದೆ. ಹಡಗಿನವರು ಬಂದರಿನವರನ್ನು ಕೇಳಿ ಎಂದರು. ಬಂದರಿನವರು ಆ ದಿನದ ಮಟ್ಟಿಗೆ ನೋಡಬೇಕು ಎಂದರು. ಸಮುದ್ರ ಶಾಂತವಿದ್ದು ಹಡಗು ನಿಲ್ಲುವ ಕಟ್ಟೆ ಖಾಲಿಯಿದ್ದರೆ ಹಡಗು ದಂಡೆಗೆ ಬರುತ್ತದೆ, ಇಲ್ಲದಿದ್ದರೆ ದೂರದಲ್ಲೇ ಲಂಗರು. ಇದಕ್ಕಿಂತ ಹೆಚ್ಚಿನದನ್ನು ಯಾರ ಬಾಯಿಂದಲೂ ಹೊರಡಿಸಲಾಗಲಿಲ್ಲ.

“ಖಾತ್ರಿ ಯಾರೂ ಹೇಳವಲ್ರು ಚಾಚಿ. ಎಲ್ಲಾ ಗಾಳಿ ಮ್ಯಾಲೆ ಅದ ಅಂತ.”

ಅವರು ಮೊಣಕಾಲು ಒತ್ತಿಕೊಂಡರು. “ನಾ ಇಲ್ಲೇ ಕುಂತ್ರ ಗಾಳಿ ನಿಲ್ಲತದೇನು? ಟಿಕೆಟ್ ತಗಸು,” ಎಂದರು.

ಹೋದರು. ತಾಯಿ ಮಗಳು ದ್ವೀಪದ ಹತ್ತಿರ ಬಂದ ಬೆಳಿಗ್ಗೆ ಗಾಳಿ ಎದ್ದಿತ್ತು. ಹಡಗು ದೂರದಲ್ಲೇ ನಿಂತಿತು. ಉಳಿದವರೆಲ್ಲ ಹಡಗಿನ ಪಕ್ಕದ ಕೆಳಬಾಗಿಲಿನಿಂದ ದೋಣಿಗೆ ಇಳಿದರು. ಚಾಚಿಯ ಕಾಲು ನೋಡಿದ ಸಿಬ್ಬಂದಿ ಬಿಡಲೇ ಇಲ್ಲ. ಮಗಳು ಅತ್ತು, ಜಗಳಾಡಿ, ಕೊನೆಗೆ ಒಬ್ಬಳೇ ದಂಡೆಗೆ ಹೋದಳು. ಅಲ್ಲಿ ಅವಳ ಮಾಮಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾಯುತ್ತಿದ್ದರು. ಸುದ್ದಿ ಕೇಳಿದವರೇ ಮರಳುವ ದೋಣಿ ಹತ್ತಿಬಿಟ್ಟರು.

ಹಡಗು ಹತ್ತಲು ಅವರಿಗೆ ಪರವಾನಗಿ ಇರಲಿಲ್ಲ. ಹಡಗಿನ ಕೆಳಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಚಾಚಿ ಕೂತಿದ್ದರು. ಅಲೆ ಎದ್ದಾಗ ದೋಣಿಯಲ್ಲೇ ನಿಂತ ಅಣ್ಣನ ಮುಖ ಎದುರಿಗೆ ಬರುತ್ತಿತ್ತು, ಇಳಿದಾಗ ಟೋಪಿ ಮಾತ್ರ ಕಾಣುತ್ತಿತ್ತು.

“‘ಎಷ್ಟ ಮುದುಕಿ ಆಗೀ’ ಅಂದ,” ತಿರುಗಿ ಬಂದ ಮೇಲೆ ಚಾಚಿ ನನಗೆ ಹೇಳಿದರು. “ನೀ ಏನ್ ಹುಡುಗ ಅದೀಯೇನು ಅಂದೆ. ಅಷ್ಟ್ರಾಗ ದೋಣಿ ಕೆಳಗ ಹೋತು.” ನಕ್ಕರು. ಆಮೇಲೆ ಅಂಗೈ ನೋಡಿಕೊಂಡರು. “ಒಮ್ಮೆ ಕೈಗೆ ಕೈ ಹತ್ತಿತು ಬೇಟಾ. ಬಿಸಿ ಇತ್ತು...”

ದೋಣಿಯವನು ಬೇರೆ ಜನರನ್ನು ಕರೆದೊಯ್ಯಬೇಕಿತ್ತು, ಹೆಚ್ಚು ಹೊತ್ತು ನಿಲ್ಲಲಿಲ್ಲ.

ಇನ್ನೊಮ್ಮೆ ಹೋಗುವ ಮಾತು ಆಗಾಗ ಬರುತ್ತಿತ್ತು. ಮುಂದಿನ ಚಳಿಗಾಲ ಮುಗಿಯುವುದರೊಳಗೆ ಚಾಚಿಯೇ ಹೋಗಿಬಿಟ್ಟರು. ಮಗಳು ಬೈರಿದೇವರಕೊಪ್ಪದಲ್ಲಿ ಮನೆ ಮಾಡಿದಳು. ಪಕ್ಕದ ಮನೆಗೆ ಬೇರೆಯವರು ಬಂದರು. ಅವರ ಪರಿಚಯ ಮಾಡಿಕೊಳ್ಳುವ ಉಮೇದು ನನಗಿನ್ನೂ ಬಂದಿಲ್ಲ.

ನಿನ್ನೆ ಮನೆ ಮುಟ್ಟಿದವಳೇ, ಚೀಲ ಕೆಳಗಿಡುವ ಮೊದಲೇ ಚಾಚಿಯ ಮಗಳಿಗೆ ಫೋನ್ ಮಾಡಿದೆ.

“ಮಾಮಾ ಇನ್ನೂ ಅದಾರ್ರಿ ಅಕ್ಕಾ,” ಎಂದಳು. “ನನ್ನ ದನಿ ಅಮ್ಮಿ ದನಿ ಹಂಗ ಅದ ಅಂತ, ಫೋನ್ ಇಡಾಕ ಬಿಡೂದಿಲ್ಲ.”

ಆಮೇಲೆ ಅವಳು ಮಗನ ಸಾಲಿ, ಬಾರದ ನೀರು, ಏರಿದ ಬಾಡಿಗೆ ಎಂದು ಏನೇನೋ ಹೇಳುತ್ತ ಹೋದಳು. ನಾನು ಗೋಡೆಗೆ ಒರಗಿ ಕೇಳುತ್ತಿದ್ದೆ. ಖರೇ, ಅದೇ ದನಿ... ಅವಳು ಸಾಕು ಎನ್ನುವವರೆಗೂ ನಾನೂ ಫೋನ್ ಇಡಲಿಲ್ಲ.