ಕೋಟೆಗೋಡೆಯಡಿಯ ಒಲೆ

ಥೂ, ಆ ಬ್ಲೇಡು ನೆನಪಾದ್ರೆ ಇವತ್ತಿಗೂ ನನ್ನ ಕೈ ಮೇಲೆ ನನಗೇ ಅಸಹ್ಯ.

ಎಂಬತ್ತರ ದಶಕ. ಗೋವಿಂದರಾಜನಗರದಲ್ಲಿ ಬಾಡಿಗೆ ಮನೆ. ಪುರಾತತ್ವ ಇಲಾಖೆಯ ನಮ್ಮ ಸಾಹೇಬರು ಹೊಳೆದಂಡೆಯ ಒಂದು ಪುರಾತನ ರಾಜಧಾನಿ ಅಗೆಸಿದ್ದರು. ನಾನು ನಕ್ಷೆ ಬರೆಯೋ ದಿನಗೂಲಿಯವಳು. ಕೋಟೆಗೋಡೆ ಸೀಳಿದಾಗ ಕಂಡ ಮಣ್ಣಿನ ಪದರಗಳನ್ನು ನಾನೇ ಅಳೆದು ತಂದು, ಮನೇಲಿ ಕೂತು ಟ್ರೇಸಿಂಗ್ ಹಾಳೆ ಮೇಲೆ ಇಂಕಿನಲ್ಲಿ ಬರೀತಿದ್ದೆ. ಅವರ ವರದಿಗೆ ನಾನು ಬರೆದ ನಕ್ಷೆ ಮನಸ್ಸಿಗೆ ಬಂದರೆ ಕೆಲಸ ಖಾಯಂ ಅಂತ ಆಸೆ ಹುಟ್ಟಿಸಿದ್ದರು.

ನಾನು ತಂದ ಬೋಕಿಗಳು ಅತ್ತೆಗೆ ಕಂಡರಾಗದು. “ಒಡೆದ ಮಡಕೆ ಮನೇಲಿಡ್ತಾರೇನೇ? ಹೆಣದ ಮುಂದೆ ಒಡೆಯೋದದು!” ಅಂತ ಚೀಲಾನ ಹಿತ್ತಲಲ್ಲಿ ಇಡಿಸಿದ್ದರು. ಅಕ್ಷರ ಬಾರದ ಹೆಂಗಸು. ಆದರೆ ನಕ್ಷೆ ನೋಡಿದವರೇ ಪಕ್ಕದಲ್ಲಿ ಕೂತುಬಿಟ್ಟರು.

“ಇದು ಒಲೆ ಅಲ್ವೇನೇ?”

ಹೌದು. ಗೋಡೆಗಿಂತ ಹಿಂದಿನ ಕಾಲದ ಪದರದಲ್ಲಿ ಒಲೆಗುಂಡು, ಅದರ ಮೇಲೆ ಮಡಕೆ, ಮಡಕೆಯೊಳಗೆ ಸೀದು ಕರಕಲಾದ ಕಾಳು. ನೇರ ಅದರ ಮೇಲೇ ಕೋಟೆ ಕಟ್ಟಿದ್ದರು.

“ಬೇಯೋ ಮಡಕೆ ಬಿಟ್ಟು ಯಾರಾದ್ರೂ ತಾವಾಗೇ ಎದ್ದು ಹೋಗ್ತಾರೇನೇ? ಓಡಿಸಿದಾರೆ ಕಣೇ, ಮುಂಡೇವು.”

ರಾಜ್ಯ ಹೇಗೆ ಹುಟ್ಟುತ್ತೆ ಅಂತ ಸಾಹೇಬರು ಗಂಟೆಗಟ್ಟಲೆ ಕೊರೀತಿದ್ದರು. ಇಷ್ಟು ಚೆನ್ನಾಗಿ ಒಂದು ದಿನವೂ ಹೇಳಿರಲಿಲ್ಲ.

ನಕ್ಷೆ ನೋಡೋಕೆ ಸಾಹೇಬರು ಮನೆಗೇ ಬಂದರು. ಅತ್ತೆ ಕೊಟ್ಟ ಕಾಫೀನ ಸೊರ್ ಅಂತ ಹೀರಿ, “ಪಾಳುಭೂಮೀಲಿ ರಾಜ ಊರು ಕಟ್ಟಿಸಿದ ಅಂತ ಬರೀತಾ ಇದೀನಮ್ಮ. ಈ ಒಲೆ ಕೆರೆದುಬಿಡಿ” ಅಂದರು.

“ಅಗೆದಾಗ ಇತ್ತಲ್ಲ ಸಾರ್.”

“ಅಗೆದು ಎತ್ತಿ ಆಯ್ತಲ್ಲ. ಈಗೆಲ್ಲಿದೆ?” ಅಂತ ಹಲ್ಲು ಕಿರಿದರು.

ಆ ಹಲ್ಲಿನ ಮೇಲೇ ಉಗೀಬೇಕು ಅನ್ನಿಸಿತು. ಉಗಿಯಲಿಲ್ಲ. ಅವರನ್ನು ಬಾಗಿಲ ತನಕ ಬಿಟ್ಟು ಬಂದು, ಬ್ಲೇಡು ತಗೊಂಡು ಮೊದಲು ಮಡಕೆ ಕೆರೆದೆ, ಆಮೇಲೆ ಗುಂಡು, ಆಮೇಲೆ ಬೂದಿ. ಹಾಳೆ ಹರಿಯದ ಹಾಗೆ ಇಂಕು ಕೆರೆಯೋದರಲ್ಲಿ ನಾನು ಎತ್ತಿದ ಕೈ. ಹೇಸಿಗೆ! ಖಾಲಿಯಾದ ಜಾಗದಲ್ಲಿ ಬರೀ ಮಣ್ಣು ಅಂತ ಚುಕ್ಕೆ ಇಟ್ಟೆ.

ವರದಿ ಅಚ್ಚಾಯಿತು. ಕೆಲಸ ಖಾಯಂ ಆಯಿತು. ಪುಸ್ತಕ ಮನೆಗೆ ತಂದ ದಿನ ಅತ್ತೆ ನಕ್ಷೆಯ ಪುಟ ತೆಗೆಸಿ, ಗೋಡೆಯ ಬುಡದುದ್ದಕ್ಕೂ ಬೆರಳಾಡಿಸಿದರು.

“ಒಲೆ ಎಲ್ಲೇ?”

“ಅದು... ನಾನೇ ತಪ್ಪು ಬರೆದಿದ್ದೆ ಅತ್ತೆ.”

ಅತ್ತೆ ಪುಸ್ತಕ ಮುಚ್ಚಿ ನನ್ನ ಕೈಗೇ ಇಟ್ಟರು.

“ನೀನೂ ಓಡಿಸ್ದೆ ಅನ್ನು,” ಅಂದು, ಉಕ್ಕುತ್ತಿದ್ದ ಸಾರು ಇಳಿಸೋಕೆ ಎದ್ದು ಹೋದರು.