ಅಜ್ಜಿ ತಿಕ್ಕದೆ ಬಿಟ್ಟ ಹೊಟ್ಟೆ

ಮಕ್ಕಳ ಹೊಟ್ಟೆ ತಿಕ್ಕುತ್ತಿದ್ದ ಆ ಅಜ್ಜಿ ಶಹಾಬಾದಿನ ನಮ್ಮ ಓಣಿಯವಳು. ಔಡಲೆಣ್ಣೆ ಹಚ್ಚಿ, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡೇ ಮುಟ್ಟುವಳು. “ಹೊಟ್ಟಿ ಮೆತ್ತಗದ ಏನಪ್ಪಾ ಸಾವ್ಕಾರ?” ಎಂದು ಕೂಸುಗಳನ್ನೇ ಕೇಳುವಳು.

ನೆಗಡಿ ಜ್ವರ ಬಿಟ್ಟ ಮೇಲೆ ನನ್ನ ಪುಟ್ಟ ತಮ್ಮ ಮೊಣಕಾಲು ಮಡಚಿ ಚೀರತೊಡಗಿದ. ಅವ್ವ ಅವನನ್ನು ನನ್ನ ಕೈಗೆ ಕೊಟ್ಟು ಅಜ್ಜಿಯ ಬಳಿ ಕಳಿಸಿದಳು. ಅಜ್ಜಿ ಅಂಗೈ ಇಟ್ಟವಳೇ ತೆಗೆದಳು.

“ಒಳಗ ಏನೋ ಗಂಟಾಗ್ಯಾದ. ನಾ ತಿಕ್ಕಂಗಿಲ್ಲವ್ವಾ. ಈಗೇ ದವಾಖಾನಿಗಿ ಒಯ್ಯಿ ಅಂತ ನಿಮ್ಮವ್ವಗ ಹೇಳು.”

ದಾರಿಯಲ್ಲಿ ಅಳು ನಿಂತು ತಮ್ಮ ನಕ್ಕ. “ಅಜ್ಜಿ ತಿಕ್ಯಾಳವ್ವಾ, ಆರಾಮಾಗ್ಯಾನ” ಎಂದು ಅವ್ವನಿಗೆ ಹೇಳಿಬಿಟ್ಟೆ. ಅವನು ನಕ್ಕನೆಂದೋ, ಅವ್ವ ಗಾಬರಿಯಾಗಬಾರದೆಂದೋ, ನನಗೇ ಇನ್ನೂ ತಿಳಿದಿಲ್ಲ.

ಮರುದಿನ ಅವನ ಬಟ್ಟೆಯಲ್ಲಿ ರಕ್ತ ಕಂಡಿತು. ಕಲಬುರಗಿಯ ಡಾಕ್ಟರು, ಕರುಳಿನೊಳಗೆ ಕರುಳು ಹೊಕ್ಕಿದೆ, ವೈರಸ್ ಜ್ವರದ ಹಿಂದೆ ಕೂಸುಗಳಿಗೆ ಅಪರೂಪಕ್ಕೆ ಹೀಗಾಗುತ್ತದೆ ಎಂದರು. ತಡವಾದ್ದರಿಂದ ಹೊಟ್ಟೆ ಕೊಯ್ಯಬೇಕಾಯಿತು. ತಮ್ಮ ಉಳಿದ.

“ಆ ಮುದುಕಿ ತಿಕ್ಕಿ ಕರಳು ಕೆಡಿಸ್ಯಾಳ” ಎಂದು ಅವ್ವ ಓಣಿಗೆಲ್ಲ ಹೇಳಿದಳು. ಅಜ್ಜಿ ನನ್ನ ಮುಖ ನೋಡಿದಳು. ನಾನು ತಮ್ಮನನ್ನು ಎತ್ತಿಕೊಂಡು ಒಳಗೆ ಹೋದೆ. ಆಮೇಲೆ ಯಾರೂ ಅವಳ ಬಳಿ ಕೂಸು ಒಯ್ಯಲಿಲ್ಲ.

ಈಗಲೂ ತಮ್ಮ ಅವಳ ಮನೆ ಮುಂದೆ ಹಾದರೆ ಅವಳ ಅಂಗೈಗಳು ತಾವಾಗಿಯೇ ಉಜ್ಜಿಕೊಳ್ಳುತ್ತವೆ. “ಹೊಟ್ಟಿ ಮೆತ್ತಗದ ಏನಪ್ಪಾ ಸಾವ್ಕಾರ?” ಎಂದು ಹೊಸ್ತಿಲಿನಿಂದಲೇ ಕೇಳುತ್ತಾಳೆ, ಮುಟ್ಟುವುದಿಲ್ಲ.